257 ಕೋಟಿ ಬಡಿತಗಳಾದ ಮೇಲೆ

ನಿಮಿಷಕ್ಕೆ 70 ಸಲ. ಗಂಟೆಗೆ 4,200. ದಿನಕ್ಕೆ 1,00,800. ಈ ಲೆಕ್ಕದಲ್ಲಿ ಎಪ್ಪತ್ತು ತುಂಬುವ ಹೊತ್ತಿಗೆ ಮನುಷ್ಯನ ಹೃದಯ ಸುಮಾರು 257 ಕೋಟಿ ಸಲ ಬಡಿದಿರುತ್ತದೆ. ನಡುವೆ ಒಂದು ದಿನದ ರಜೆಯೂ ಇಲ್ಲ. ಮುನ್ನೂರು ಗ್ರಾಂ ಆಸುಪಾಸು ತೂಗುವ ಈ ಮಾಂಸದ ಮುಷ್ಟಿ ನಿಮಿಷಕ್ಕೆ ಐದು ಲೀಟರ್ ರಕ್ತವನ್ನು ತಳ್ಳುತ್ತದೆ, ದಿನಕ್ಕೆ 7,200 ಲೀಟರ್. ಬೇಸಿಗೆಯಲ್ಲಿ ಬೆಂಗಳೂರಿನ ಬಡಾವಣೆಗಳಿಗೆ ಬರುತ್ತದಲ್ಲ, 6,000 ಲೀಟರಿನ ನೀರಿನ ಟ್ಯಾಂಕರು, ಅದನ್ನು ದಿನಕ್ಕೊಂದರಂತೆ ತುಂಬಿಸಿ ಇನ್ನೂ ಮಿಗುವಷ್ಟು. ಎಪ್ಪತ್ತು ವರ್ಷಕ್ಕೆ 18 ಕೋಟಿ ಲೀಟರ್ ದಾಟುತ್ತದೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 1907ರಲ್ಲಿ ಹುಟ್ಟಿ 2019ರವರೆಗೆ ನಮ್ಮೊಂದಿಗಿದ್ದರು. ಅವರ 111 ವರ್ಷಗಳಿಗೆ ಇದೇ ಲೆಕ್ಕ ಹಾಕಿದರೆ ಬಡಿತಗಳ ಸಂಖ್ಯೆ 400 ಕೋಟಿಯನ್ನು ಮೀರುತ್ತದೆ.

ಉಸಿರಿನದೂ ಇಂಥದೇ ಕಥೆ. ನಮ್ಮ ಯೋಗಗ್ರಂಥಗಳು ಮನುಷ್ಯನ ಒಂದು ದಿನದ ಉಸಿರನ್ನು 21,600 ಎಂದು ಎಣಿಸಿವೆ. ನಿಮಿಷಕ್ಕೆ 15ರಂತೆ ಗುಣಿಸಿ ನೋಡಿ, ಸರಿಯಾಗಿ ಅಷ್ಟೇ ಬರುತ್ತದೆ. ಆರೋಗ್ಯವಂತ ವಯಸ್ಕರ ಉಸಿರಾಟ ನಿಮಿಷಕ್ಕೆ 12ರಿಂದ 20ರ ನಡುವೆ ಇರಬೇಕು ಎನ್ನುತ್ತಾರೆ ಇಂದಿನ ವೈದ್ಯರು. ಎಪ್ಪತ್ತರ ಹೊತ್ತಿಗೆ 55 ಕೋಟಿ ಉಸಿರು.

ಇಷ್ಟು ಕೆಲಸ ಮಾಡಿದ ದೇಹದ ಬಗ್ಗೆ ನಮ್ಮ ಮನೆಗಳಲ್ಲಿ ಒಂದೇ ಮಾತು ಓಡಾಡುತ್ತದೆ: ವಯಸ್ಸಾಯಿತಲ್ಲ, ಇನ್ನೇನು. ಮಂಡಿ ನೋವಿಗೂ ಅದೇ ಉತ್ತರ, ಕಿವಿ ಕೇಳದಿದ್ದರೂ ಅದೇ ಉತ್ತರ, ನಾಲ್ಕು ಹೆಜ್ಜೆಗೆ ಸುಸ್ತಾದರೂ ಅದೇ. ಆದರೆ ಮುಪ್ಪಿನ ಅಂಕಿಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡರೆ ಆ ಉತ್ತರ ಅರ್ಧ ಸತ್ಯವೆಂದು ತಿಳಿಯುತ್ತದೆ. ವಯಸ್ಸು ಕಸಿದುಕೊಳ್ಳುವುದು ಒಂದಿಷ್ಟು. ನಾವಾಗಿಯೇ ಬಿಟ್ಟುಕೊಡುವುದು ಬಹಳಷ್ಟು.

ಮೊದಲು ವಯಸ್ಸಿನ ಪಾಲನ್ನು ನೋಡೋಣ. ಹೃದಯದ ಸ್ನಾಯುಕೋಶಗಳು ಹೊಸದಾಗಿ ಹುಟ್ಟುತ್ತವೆಯೇ ಎಂಬುದು ಬಹಳ ಕಾಲ ಬಿಡಿಸಲಾಗದ ಪ್ರಶ್ನೆಯಾಗಿತ್ತು. ಉತ್ತರ ಸಿಕ್ಕಿದ್ದು ಅಣುಬಾಂಬಿನಿಂದ. 1950ರ ದಶಕದಿಂದ, ಬಯಲು ಪರೀಕ್ಷೆಗಳನ್ನು ನಿಷೇಧಿಸಿದ 1963ರ ಒಪ್ಪಂದದವರೆಗೆ ಅಮೆರಿಕ, ಸೋವಿಯತ್ ಒಕ್ಕೂಟಗಳು ಬಯಲಿನಲ್ಲಿ ಸಿಡಿಸಿದ ಬಾಂಬುಗಳಿಂದ ಗಾಳಿಯಲ್ಲಿದ್ದ ಕಾರ್ಬನ್-14 ಹೆಚ್ಚುಕಡಿಮೆ ಇಮ್ಮಡಿಯಾಯಿತು. ಅದು ಗಿಡಗಳಿಗೆ ಸೇರಿತು, ಗಿಡಗಳಿಂದ ಅನ್ನಕ್ಕೆ, ಅನ್ನದಿಂದ ಆ ವರ್ಷಗಳಲ್ಲಿ ಹುಟ್ಟಿದ ಪ್ರತಿ ಜೀವಕೋಶದ ಡಿಎನ್‌ಎಗೆ. ಪರೀಕ್ಷೆಗಳು ನಿಂತ ಮೇಲೆ ಪ್ರಮಾಣ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂತು. ಹಾಗಾಗಿ ಒಂದು ಕೋಶದಲ್ಲಿ ಎಷ್ಟು ಕಾರ್ಬನ್-14 ಇದೆ ಎಂದು ಅಳೆದರೆ ಅದು ಹುಟ್ಟಿದ ವರ್ಷ ಗೊತ್ತಾಗುತ್ತದೆ. ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಸಂಸ್ಥೆಯ ಯೋನಾಸ್ ಫ್ರಿಸೆನ್ ಅವರ ತಂಡ 2009ರಲ್ಲಿ ಈ ದಾರಿ ಹಿಡಿದು ಹೃದಯದ ಲೆಕ್ಕ ಹೇಳಿತು. 25ರ ವಯಸ್ಸಿನಲ್ಲಿ ವರ್ಷಕ್ಕೆ ನೂರರಲ್ಲಿ ಒಂದು ಕೋಶ ಹೊಸದಾಗುತ್ತದೆ, 75ರಲ್ಲಿ ಅರ್ಧಕ್ಕೂ ಕಡಿಮೆ. ಇಡೀ ಆಯುಷ್ಯ ಕಳೆದರೂ ಅರ್ಧದಷ್ಟು ಕೋಶಗಳೂ ಬದಲಾಗುವುದಿಲ್ಲ. ಹುಟ್ಟುವಾಗ ತಂದ ಕೋಶಗಳಲ್ಲಿ ಹೆಚ್ಚಿನವು ಕೊನೆಯ ಬಡಿತದವರೆಗೂ ಅವೇ ಇರುತ್ತವೆ. ನಾಗರಿಕತೆಯನ್ನೇ ಅಳಿಸಬಹುದಾಗಿದ್ದ ಬಾಂಬು ಮನುಷ್ಯನ ಎದೆಯೊಳಗಿನ ಗಡಿಯಾರವನ್ನು ಓದಿಕೊಟ್ಟ ಈ ಸಂಗತಿಯನ್ನು ಎಷ್ಟು ಸಲ ನೆನೆದರೂ ನನಗೆ ಮೈ ಜುಮ್ಮೆನ್ನುತ್ತದೆ.

ಹೃದಯದಿಂದ ಹೊರಟ ರಕ್ತವನ್ನು ಮೊದಲು ಬರಮಾಡಿಕೊಳ್ಳುವ ಮಹಾಪಧಮನಿಯೂ ಅಷ್ಟೇ ಹಳೆಯದು. ಪ್ರತಿ ಬಡಿತಕ್ಕೂ ಅದು ಹಿಗ್ಗಿ ಮತ್ತೆ ಕುಗ್ಗಬೇಕು. ಹಿಗ್ಗುವ ಗುಣ ಕೊಡುವ ಎಲಾಸ್ಟಿನ್ ಎಂಬ ನಾರಿನ ಬಹುಪಾಲು ತಾಯಿಯ ಗರ್ಭದಲ್ಲಿ ಮತ್ತು ಎಳೆಯ ವಯಸ್ಸಿನಲ್ಲಿ ತಯಾರಾಗುತ್ತದೆ, ಆಮೇಲೆ ಹೊಸದು ಬರುವುದು ತೀರ ಕಡಿಮೆ. ಅಂದರೆ ಎಪ್ಪತ್ತರ ಹಿರಿಯರಲ್ಲಿ ಅದೇ ನಾರು 257 ಕೋಟಿ ಸಲ ಹಿಗ್ಗಿ ಕುಗ್ಗಿದೆ. ಕೊನೆಗೆ ಅದು ಬಿರುಸಾಗುತ್ತದೆ. ವಯಸ್ಸಾದವರ ಬಿಪಿಯಲ್ಲಿ ಮೇಲಿನ ಅಂಕಿ ಏರಿ, ಕೆಳಗಿನದು ಇದ್ದಲ್ಲೇ ಇರಲು ಅಥವಾ ಇಳಿಯಲು ಮುಖ್ಯ ಕಾರಣ ಇದೇ. ಇದು ವಯಸ್ಸಿನ ಪಾಲು, ನಿಜ. ಆದರೆ ಗುಳಿಗೆಗೆ ಬಗ್ಗುವ ಪಾಲು.

ಕಣ್ಣಿನ ಮಸೂರ ಇನ್ನೂ ಹಳೆಯದು. ಅದರ ನಡುಭಾಗದ ಪ್ರೋಟೀನುಗಳು ನಾವು ಹುಟ್ಟುವ ಮೊದಲೇ ತಯಾರಾಗಿ ಸಾಯುವವರೆಗೂ ಬದಲಾಗದೆ ಉಳಿಯುತ್ತವೆ. ಗ್ರೀನ್‌ಲ್ಯಾಂಡಿನ ಶಾರ್ಕ್ ಮೀನು 272 ವರ್ಷಕ್ಕಿಂತ ಕಡಿಮೆಯಿಲ್ಲದೆ ಬದುಕುತ್ತದೆಂದು 2016ರಲ್ಲಿ ಕಂಡುಹಿಡಿದದ್ದು ಅದರ ಮಸೂರದ ನಡುಭಾಗವನ್ನು ಅಳೆದೇ. ಹತ್ತು ವರ್ಷದ ಹುಡುಗ ಪುಸ್ತಕವನ್ನು ಮೂಗಿನಿಂದ ಏಳೆಂಟು ಸೆಂಟಿಮೀಟರ್ ದೂರದಲ್ಲಿಟ್ಟುಕೊಂಡೂ ಓದಬಲ್ಲ. ನಲವತ್ತು ದಾಟಿದರೆ ಚಾಳೀಸು ಬೇಕು. ಅರವತ್ತರಲ್ಲಿ ಬರಿಗಣ್ಣಿಗೆ ಅಕ್ಷರ ಸ್ಪಷ್ಟವಾಗಿ ಕಾಣಬೇಕಾದರೆ ಪುಸ್ತಕ ಮೀಟರಿನಷ್ಟು ದೂರ ಹೋಗಬೇಕು, ಕೈಯೇ ಅಷ್ಟುದ್ದ ಇರುವುದಿಲ್ಲ. ಮುಂದೆ ಅದೇ ಪ್ರೋಟೀನುಗಳು ಮಬ್ಬುಗಟ್ಟಿದಾಗ ಪೊರೆ ಬರುತ್ತದೆ.

ಪೊರೆಯ ವಿಷಯ ಬಂದಾಗ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರ ಅಂಕಿಗಳನ್ನು ಹೇಳದೆ ಮುಂದೆ ಹೋಗಲಾರೆ. 1943ರಿಂದ ಊರೂರಿಗೆ ಹೋಗಿ, ಶಾಲೆಗಳಲ್ಲಿ, ಛತ್ರಗಳಲ್ಲಿ, ಚಪ್ಪರಗಳಲ್ಲಿ ಅವರು ಉಚಿತವಾಗಿ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿದರು. ಗಿನ್ನೆಸ್ ಪುಸ್ತಕದಲ್ಲಿ ದಾಖಲಾದಂತೆ 1993ರ ಫೆಬ್ರವರಿಯವರೆಗೆ ಅವರು ತಲುಪಿದ ಹಳ್ಳಿಗಳು 46,120, ನೋಡಿದ ರೋಗಿಗಳು 1,21,18,630, ಮಾಡಿದ ಶಸ್ತ್ರಚಿಕಿತ್ಸೆಗಳು 6,10,564. ಒಂದೇ ದಿನ 833 ಪೊರೆ ತೆಗೆದ ದಾಖಲೆಯೂ ಅವರದೇ. ಹದಿನಾಲ್ಕು ಗಂಟೆ ಎಡೆಬಿಡದೆ ನಿಂತರೂ ನಿಮಿಷಕ್ಕೊಂದು ಕಣ್ಣು. ಐವತ್ತು ವರ್ಷಗಳ ಒಟ್ಟು ಲೆಕ್ಕವನ್ನು ಹಂಚಿದರೆ, ಭಾನುವಾರ, ಹಬ್ಬ, ಪ್ರಯಾಣದ ದಿನ ಒಂದನ್ನೂ ಬಿಡದೆ ದಿನಕ್ಕೆ 33. ಅಂದಿನ ವಿಧಾನದಲ್ಲಿ ಮಸೂರವನ್ನೇ ತೆಗೆದುಬಿಡುತ್ತಿದ್ದರು, ಹಾಗಾಗಿ ಆಮೇಲೆ ದಪ್ಪಗಾಜಿನ ಕನ್ನಡಕ ಬೇಕಾಗುತ್ತಿತ್ತು. ಕೃತಕ ಮಸೂರವನ್ನು ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಅಳವಡಿಸಿದ್ದರೂ ಅದು ನಮ್ಮ ಬಡವರ ಕೈಗೆಟುಕಲು ನಾಲ್ಕು ದಶಕ ಕಾಯಬೇಕಾಯಿತು. ಮದುರೆಯ ಅರವಿಂದ ಕಣ್ಣಾಸ್ಪತ್ರೆಯವರು 1992ರಲ್ಲಿ ಅರೋಲ್ಯಾಬ್ ಕಟ್ಟಿ, ನೂರು ಡಾಲರ್ ಆಸುಪಾಸು ಬೆಲೆಯಿದ್ದ ಮಸೂರವನ್ನು ಹತ್ತು ಡಾಲರಿಗೆ ಇಳಿಸಿದರು. ವಯಸ್ಸು ಕಸಿದದ್ದನ್ನು ಇಷ್ಟು ಪೂರ್ತಿಯಾಗಿ ಮರಳಿಸಿ ಕೊಡುವ ಚಿಕಿತ್ಸೆಗಳು ವೈದ್ಯಶಾಸ್ತ್ರದಲ್ಲಿ ಕೆಲವೇ. ಇವತ್ತು ಒಬ್ಬ ಹಿರಿಯರು ಪೊರೆಯಿಂದ ಕುರುಡಾಗಿ ಮೂಲೆಯಲ್ಲಿ ಕೂತಿದ್ದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯುವ ಹಕ್ಕು ನಮಗಿಲ್ಲ.

ಮೂತ್ರಪಿಂಡಗಳ ಲೆಕ್ಕ ಬೇರೆ ಥರದ ಬೆರಗು. ಎರಡೂ ಸೇರಿ ದಿನಕ್ಕೆ 180 ಲೀಟರ್ ದ್ರವ ಸೋಸುತ್ತವೆ, ಹೊರಗೆ ಬಿಡುವುದು ಒಂದೂವರೆ ಲೀಟರಿನಷ್ಟು. ಉಳಿದದ್ದೆಲ್ಲ ಮತ್ತೆ ರಕ್ತಕ್ಕೆ. ಮೂತ್ರಪಿಂಡ ದಾನ ಮಾಡಿದ ಆರೋಗ್ಯವಂತರನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಇಪ್ಪತ್ತರ ಹರೆಯದಲ್ಲಿ ಒಂದೊಂದು ಮೂತ್ರಪಿಂಡದಲ್ಲಿ ಸುಮಾರು 9.9 ಲಕ್ಷ ನೆಫ್ರಾನ್ ಎಂಬ ಸೋಸುವ ಘಟಕಗಳಿದ್ದರೆ, 70ರಿಂದ 75ರ ವಯಸ್ಸಿನಲ್ಲಿ ಉಳಿಯುವುದು 5.2 ಲಕ್ಷ. ಹೆಚ್ಚುಕಡಿಮೆ ಅರ್ಧ ಹೋಯಿತು. ಹಾಗಿದ್ದೂ ಆ ಹಿರಿಯರಲ್ಲಿ ಯಾರೂ ರೋಗಿಗಳಲ್ಲ, ಅವರ ಮೂತ್ರಪಿಂಡ ಇನ್ನೊಬ್ಬರಿಗೆ ಕಸಿ ಮಾಡುವಷ್ಟು ಚೆನ್ನಾಗಿತ್ತು. ಆದರೆ ಹೆಚ್ಚುವರಿ ಉಳಿತಾಯ ಕರಗಿರುತ್ತದೆ. ಮಂಡಿ ನೋವೆಂದು ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಕೊಂಡು ತಿಂಗಳುಗಟ್ಟಲೆ ನುಂಗುವ ನೋವಿನ ಗುಳಿಗೆ ಮೂವತ್ತರಲ್ಲಿ ಮಾಡದ ಹಾನಿಯನ್ನು ಎಪ್ಪತ್ತರಲ್ಲಿ ಮಾಡುವುದು ಇದಕ್ಕೇ. ಬಾಯಾರಿಕೆಯ ಅರಿವೂ ವಯಸ್ಸಾದಂತೆ ಮಂದವಾಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹಿರಿಯರು ನೀರು ಕೇಳಲಿಲ್ಲ ಎಂದರೆ ಅವರಿಗೆ ನೀರು ಬೇಡ ಎಂದರ್ಥವಲ್ಲ.

ಇನ್ನು ರಕ್ತ. ಸೆಕೆಂಡಿಗೆ 20 ಲಕ್ಷ ಕೆಂಪು ಕಣಗಳು ಮೂಳೆಯ ಮಜ್ಜೆಯಲ್ಲಿ ಹುಟ್ಟುತ್ತವೆ, ಎಂಬತ್ತರಲ್ಲೂ ಆ ಕಾರ್ಖಾನೆ ಮುಚ್ಚುವುದಿಲ್ಲ. ಬದಲಾಗುವುದು ಕೆಲಸಗಾರರ ಸಂಖ್ಯೆ. 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, 65ರವರೆಗೆ 20,000ದಿಂದ 2 ಲಕ್ಷ ಕಾಂಡಕೋಶಗಳು ಸಮನಾಗಿ ರಕ್ತ ತಯಾರಿಸುತ್ತವೆ. ಎಪ್ಪತ್ತೈದರ ನಂತರ, ಕೇವಲ ಹತ್ತಿಪ್ಪತ್ತು ಕೋಶಗಳ ಸಂತತಿಯೇ ರಕ್ತದ 30ರಿಂದ 60 ಶೇಕಡಾ ಪಾಲನ್ನು ಹಿಡಿದಿರುತ್ತದೆ. 115 ವರ್ಷ ಬದುಕಿ 2005ರಲ್ಲಿ ತೀರಿಕೊಂಡ ಡಚ್ ಮಹಿಳೆ ಹೆಂಡ್ರಿಕ್ಯೆ ವಾನ್ ಆಂಡೆಲ್-ಸ್ಖಿಪ್ಪರ್ ತಮ್ಮ ದೇಹವನ್ನು ವಿಜ್ಞಾನಕ್ಕೆ ಕೊಟ್ಟಿದ್ದರು. ಅವರ ಬಿಳಿ ರಕ್ತಕಣಗಳಲ್ಲಿ ಹೆಚ್ಚಿನವು ಕೇವಲ ಎರಡು ಕಾಂಡಕೋಶಗಳಿಂದ ಹುಟ್ಟಿದಂತಿದ್ದವು. ಎರಡು!

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮಲ್ಲಿ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ! ಅಂಕಿಗಳು ಅದನ್ನು ಒಪ್ಪುವುದಿಲ್ಲ. ಭಾರತದಲ್ಲಿ 60 ದಾಟಿದವರಲ್ಲಿ ಮರೆಗುಳಿತನದ ಕಾಯಿಲೆ ಇರುವವರು ಶೇಕಡಾ 7.4, ಸುಮಾರು 88 ಲಕ್ಷ ಜನ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜು ಹೇಳುತ್ತದೆ. 88 ಲಕ್ಷ ಸಣ್ಣ ಸಂಖ್ಯೆಯಲ್ಲ, ಅಷ್ಟು ಮನೆಗಳ ಸಂಕಟ ಅದು. ಆದರೆ ನೂರರಲ್ಲಿ 92 ಜನಕ್ಕೆ ಆ ಕಾಯಿಲೆ ಇಲ್ಲ. ಅವರಲ್ಲಿ ಎಷ್ಟೋ ಮಂದಿಯನ್ನು ನಾವು ಅರಳುಮರಳು ಎಂದುಕೊಳ್ಳುವುದು ಕಿವಿಯ ದೆಸೆಯಿಂದ. ಒಂದೊಂದು ಕಿವಿಯಲ್ಲಿ ಹುಟ್ಟುವಾಗ ಸುಮಾರು 15,000 ಕೂದಲುಕೋಶಗಳಿರುತ್ತವೆ. ಹೋದವು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ತಾರಕ ದನಿಗಳನ್ನು ಹಿಡಿಯುವವು. ಆಗ ಸ್ವರಗಳು ಕೇಳುತ್ತವೆ, ಸ, ಶ, ತ, ಕ ಮುಂತಾದವು ಮಸುಕಾಗುತ್ತವೆ. ಸೊಪ್ಪು ತನ್ನಿ ಎಂದರೆ ಉಪ್ಪು ತರುತ್ತಾರೆ. ಕೂಗಿ ಹೇಳಿದರೆ ‘ಯಾಕಿಷ್ಟು ಕಿರುಚುತ್ತೀಯ’ ಎಂದು ಬೈಯುತ್ತಾರೆ. ಮನೆಯವರು ಮಾತು ಕಡಿಮೆ ಮಾಡುತ್ತಾರೆ, ಅವರು ಮಾತೇ ಬಿಡುತ್ತಾರೆ. ಮರೆಗುಳಿತನದ ಬಗ್ಗೆ ಲ್ಯಾನ್ಸೆಟ್ ಆಯೋಗ 2024ರಲ್ಲಿ ಕೊಟ್ಟ ವರದಿ 14 ಕಾರಣಗಳನ್ನು ಹೆಸರಿಸಿ, ಅವನ್ನು ಸರಿಪಡಿಸಿದರೆ ಕಾಯಿಲೆಯ ಸುಮಾರು 45 ಶೇಕಡಾ ಪಾಲನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಆ ಪಟ್ಟಿಯ ದೊಡ್ಡ ಕಾರಣಗಳಲ್ಲಿ ಕಿವುಡು ಒಂದು. ಕನ್ನಡಕ ಹಾಕಿಕೊಳ್ಳಲು ಯಾರೂ ನಾಚುವುದಿಲ್ಲ, ಶ್ರವಣಯಂತ್ರಕ್ಕೆ ಮಾತ್ರ ನಾಚಿಕೆ. ಈ ನಾಚಿಕೆಯ ಬೆಲೆ ತುಂಬ ದುಬಾರಿ.

ಮೂಳೆಯೂ ಸುಮ್ಮನಿರುವ ವಸ್ತುವಲ್ಲ. ವರ್ಷಕ್ಕೆ ಅಸ್ಥಿಪಂಜರದ ಹತ್ತನೇ ಒಂದು ಭಾಗ ಕರಗಿ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಮೂವತ್ತರ ಆಚೆ ಕಟ್ಟುವುದಕ್ಕಿಂತ ಕರಗುವುದು ಹೆಚ್ಚು. ಮುಟ್ಟು ನಿಂತ ಐದರಿಂದ ಏಳು ವರ್ಷಗಳಲ್ಲಿ ಹೆಣ್ಣುಮಕ್ಕಳು ಮೂಳೆಯ ಸಾಂದ್ರತೆಯಲ್ಲಿ ಐದನೇ ಒಂದು ಭಾಗದವರೆಗೂ ಕಳೆದುಕೊಳ್ಳಬಹುದು. ಮೂವತ್ತರಿಂದ ಎಪ್ಪತ್ತರ ನಡುವೆ ಗಂಡಸರು ಸುಮಾರು 3 ಸೆಂಟಿಮೀಟರ್, ಹೆಂಗಸರು 5 ಸೆಂಟಿಮೀಟರ್ ಕುಳ್ಳಾಗುತ್ತಾರೆ ಎಂದು ಅಮೆರಿಕದ ಬಾಲ್ಟಿಮೋರ್‌ನ ದೀರ್ಘಕಾಲದ ಅಧ್ಯಯನ ಅಳೆದು ಹೇಳಿದೆ. ಇಂಥ ಮೂಳೆ ಹೊತ್ತು ಬಚ್ಚಲಿನಲ್ಲಿ ಜಾರಿದರೆ ಮುರಿಯುವುದು ಸೊಂಟದ ಬಳಿಯ ಮೂಳೆ, ಅದು ಮುರಿದ ಹಿರಿಯರಲ್ಲಿ ಐವರಲ್ಲಿ ಒಬ್ಬರಾದರೂ ವರ್ಷದೊಳಗೆ ತೀರಿಕೊಳ್ಳುತ್ತಾರೆ. ಜಗತ್ತಿನಲ್ಲಿ ಬಿದ್ದು ಸಾಯುವವರು ವರ್ಷಕ್ಕೆ 6,84,000 ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರಲ್ಲಿ ಹೆಚ್ಚು ಬಲಿಯಾಗುವವರು ಅರವತ್ತು ದಾಟಿದವರೇ.

ಬೀಳುವುದು ಮೂಳೆ ಟೊಳ್ಳಾಗಿ ಅಲ್ಲ, ಬಹುಪಾಲು ಸ್ನಾಯು ಸೋತು. ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ ಎರಡು ಪ್ರಯೋಗಗಳು ಈ ಸ್ನಾಯುವಿಗೂ ಹೃದಯಕ್ಕೂ ಸಂಬಂಧಿಸಿದವು.

1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ವೈದ್ಯರು ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದರು. ಆಮ್ಲಜನಕವನ್ನು ಬಳಸಿ ದುಡಿಯುವ ದೇಹದ ಶಕ್ತಿಯನ್ನು ಮೊದಲೂ ಆಮೇಲೂ ಅಳೆದರು. ಕಾಲು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಮೂವತ್ತು ವರ್ಷ ಕಳೆದ ಮೇಲೆ, 1996ರಲ್ಲಿ, ಅದೇ ಐವರನ್ನು ಮತ್ತೆ ಕರೆಸಿದರು. ಈಗ ಅವರಿಗೆ ಐವತ್ತು. ತೂಕ ಏರಿತ್ತು, ಮೈಯ ಕೊಬ್ಬಿನ ಪ್ರಮಾಣ ಇಮ್ಮಡಿಯಾಗಿತ್ತು. ಆದರೂ ಶಕ್ತಿ ಅಳೆದಾಗ, ಹರೆಯದಲ್ಲಿ ಮೂರು ವಾರ ಮಲಗಿ ಎದ್ದಾಗ ಎಲ್ಲಿಗೆ ಬಂದಿತ್ತೋ ಅಷ್ಟು ಕೆಳಕ್ಕೆ ಯಾರದೂ ಇಳಿದಿರಲಿಲ್ಲ. ಮೂವತ್ತು ವರ್ಷಗಳ ವಯಸ್ಸು ಮಾಡದ ಹಾನಿಯನ್ನು ಮೂರು ವಾರಗಳ ಹಾಸಿಗೆ ಮಾಡಿತ್ತು! ಆಮೇಲೆ ಆರು ತಿಂಗಳು ನಡಿಗೆ, ನಿಧಾನದ ಓಟ, ಸೈಕಲ್ ತುಳಿತ ಮಾಡಿಸಿದರು. ಶಕ್ತಿ 1966ರ ಆರಂಭದ ಮಟ್ಟಕ್ಕೆ ವಾಪಸು ಬಂತು.

ಎರಡನೆಯದು ಬಾಸ್ಟನ್ನಿನದು. 1990ರಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ವೃದ್ಧಾಶ್ರಮವೊಂದರ ಹತ್ತು ಮಂದಿಯನ್ನು ಆಯ್ದುಕೊಂಡರು. ಅವರ ಸರಾಸರಿ ವಯಸ್ಸು 90, ಎಲ್ಲರಿಗಿಂತ ಹಿರಿಯರಿಗೆ 96. ಮೈ ಕೃಶ, ಹಲವು ಕಾಯಿಲೆ. ಅವರಿಗೆ ಎಂಟು ವಾರ, ಕಾಲಿನಿಂದ ಭಾರ ಎತ್ತುವ ಕಠಿಣ ವ್ಯಾಯಾಮ ಮಾಡಿಸಿದರು. ಮುಗಿಸಿದವರ ಕಾಲಿನ ಬಲ ಸರಾಸರಿ 174 ಶೇಕಡಾ ಹೆಚ್ಚಿತು, ಅಂದರೆ ಮೊದಲಿನ 2.7 ಪಟ್ಟು. ಇಬ್ಬರು ಕೈಯಲ್ಲಿದ್ದ ಊರುಗೋಲನ್ನು ಬಿಟ್ಟರು. ತೊಂಬತ್ತರ ಸ್ನಾಯು ಎಂಟೇ ವಾರದಲ್ಲಿ ಎದ್ದು ನಿಂತಿತು. ನಾಲ್ಕು ವರ್ಷಗಳ ನಂತರ ನೂರು ಮಂದಿ ಹಿರಿಯರ ಮೇಲೆ ನಡೆಸಿದ ದೊಡ್ಡ ಪ್ರಯೋಗದಲ್ಲೂ ಬಲ ಇಮ್ಮಡಿ ದಾಟಿತು, ನಡಿಗೆಯ ವೇಗವೂ ಏರಿತು.

ಈ ಎರಡು ಪ್ರಯೋಗಗಳನ್ನು ಪಕ್ಕಪಕ್ಕ ಇಟ್ಟು ನಮ್ಮ ಮನೆಗಳ ಕಡೆ ನೋಡಿದರೆ ಎದೆ ಚುರುಕ್ಕೆನ್ನುತ್ತದೆ. ‘ಕೂತ್ಕೊಳ್ಳಿ ಅಜ್ಜಿ, ನಾನು ತಂದುಕೊಡ್ತೀನಿ’ ಎನ್ನುವುದು ನಮ್ಮ ಪ್ರೀತಿ. ಜ್ವರ ಬಿಟ್ಟು ವಾರ ಕಳೆದರೂ ‘ಮಲಗಿರಿ, ಏಳಬೇಡಿ’ ಎನ್ನುವುದು ನಮ್ಮ ಕಾಳಜಿ. ಅರವತ್ತೇಳರ ಆಸುಪಾಸಿನ ಆರೋಗ್ಯವಂತರನ್ನು ಹತ್ತೇ ದಿನ ಮಲಗಿಸಿದ ಇನ್ನೊಂದು ಅಧ್ಯಯನದಲ್ಲಿ ಅವರು ಕಾಲುಗಳಿಂದಲೇ ಹತ್ತಿರ ಹತ್ತಿರ ಒಂದು ಕಿಲೋ ಮಾಂಸ ಕಳೆದುಕೊಂಡರು. ಪ್ರೀತಿಯಿಂದ ಕೂರಿಸಿದರೂ ಸ್ನಾಯು ಕರಗುವುದು ಅದೇ ವೇಗದಲ್ಲಿ.

ನಮ್ಮ ಹಿಂದಿನ ತಲೆಮಾರಿನವರು ದಿನಕ್ಕೆ ಎಷ್ಟು ಸಲ ನೆಲಕ್ಕೆ ಕೂತು ಏಳುತ್ತಿದ್ದರು! ಊಟಕ್ಕೆ, ತರಕಾರಿ ಹೆಚ್ಚಲು, ಹೂ ಕಟ್ಟಲು, ರಂಗೋಲಿ ಇಡಲು, ಪೂಜೆಗೆ. ಬ್ರೆಜಿಲ್‌ನ ವೈದ್ಯ ಕ್ಲಾಡಿಯೋ ಅರೌಜೊ 51ರಿಂದ 80 ವರ್ಷದ 2,002 ಮಂದಿಗೆ ಇದನ್ನೇ ಪರೀಕ್ಷೆಯಾಗಿ ಕೊಟ್ಟರು: ನೆಲಕ್ಕೆ ಕೂತು ಏಳಬೇಕು, ಕೈ, ಮಂಡಿ ಊರಿದಷ್ಟೂ ಅಂಕ ಕಡಿತ, ಒಟ್ಟು ಹತ್ತು ಅಂಕ. ಮುಂದಿನ ಆರು ವರ್ಷಗಳಲ್ಲಿ ಮೂರಕ್ಕಿಂತ ಮೇಲೇರದವರು ಸಾಯುವ ಸಂಭವ ಎಂಟಕ್ಕೆ ಮೇಲ್ಪಟ್ಟವರಿಗಿಂತ ಐದಾರು ಪಟ್ಟು ಹೆಚ್ಚಿತ್ತು. ನೆಲಕ್ಕೆ ಕೂತರೆ ಆಯುಷ್ಯ ಹೆಚ್ಚುತ್ತದೆ ಎಂದು ಇದರಿಂದ ತೀರ್ಮಾನಿಸುವಂತಿಲ್ಲ, ಕಾಯಿಲೆಯವರಿಗೆ ಏಳುವುದೇ ಕಷ್ಟವಿರಬಹುದು. ಮಂಡಿ ಸವೆದವರನ್ನು ಬಲವಂತವಾಗಿ ಕೂರಿಸುವುದೂ ತಪ್ಪು. ಆದರೆ ಬಲ, ಸಮತೋಲ, ಕೀಲುಗಳ ಸಡಿಲ ಮೂರನ್ನೂ ಖರ್ಚಿಲ್ಲದೆ ಅಳೆಯುವ ಈ ಕೆಲಸ ನಮ್ಮ ದಿನಚರಿಯಲ್ಲಿ ತಾನಾಗಿಯೇ ಇತ್ತು. ಡೈನಿಂಗ್ ಟೇಬಲ್ಲು, ಸೋಫಾಗಳ ಜೊತೆ ಅದು ಹೊರಟುಹೋಯಿತು.

ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಹಸುಗೂಸುಗಳ ಸಾವು ಆ ಸರಾಸರಿಯನ್ನು ಕೆಳಗೆಳೆದಿತ್ತು ಎಂಬುದು ನಿಜ. ಈಗ ಅದು 70ರ ಆಸುಪಾಸು. 2011ರ ಜನಗಣತಿಯಲ್ಲಿ 60 ದಾಟಿದವರು ದೇಶದಲ್ಲಿ 10 ಕೋಟಿಗೂ ಹೆಚ್ಚು, ಕರ್ನಾಟಕದಲ್ಲಿ ಸುಮಾರು 58 ಲಕ್ಷ. 2050ಕ್ಕೆ ದೇಶದಲ್ಲಿ 34.7 ಕೋಟಿಯಾಗುತ್ತಾರೆ ಎಂಬುದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ಅಂದಾಜು. ಇಂದು ಮೂವತ್ತೈದು ದಾಟಿ ಇದನ್ನು ಓದುತ್ತಿರುವ ನೀವೂ ಆ ಲೆಕ್ಕದಲ್ಲಿದ್ದೀರಿ. ಇಷ್ಟು ಜನಕ್ಕೆ ಆಸ್ಪತ್ರೆಯ ಹಾಸಿಗೆ ಕಟ್ಟಿ ಪೂರೈಸಲಾಗದು. ಆದಷ್ಟು ವರ್ಷ ಹಾಸಿಗೆ ಬೇಡದಂತೆ ಇರಿಸಿಕೊಳ್ಳುವುದೊಂದೇ ದಾರಿ.

ಹಾಗಾಗಿ ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ ಈ ವಾರ ಕೆಲವು ಕೆಲಸ ಮಾಡಿ. ಅವರು ನುಂಗುವ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರಿಗೆ ತೋರಿಸಿ, ಮೂತ್ರಪಿಂಡದ ಪರೀಕ್ಷೆ ಮಾಡಿಸಿ. ಕಣ್ಣು, ಕಿವಿ ಎರಡನ್ನೂ ತೋರಿಸಿ. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಗೋಡೆಗೆ ಒಂದು ಹಿಡಿ ಹಾಕಿಸಿ, ರಾತ್ರಿ ಒಂದು ದೀಪ ಉರಿಯಲಿ. ತಟ್ಟೆಯಲ್ಲಿ ಅನ್ನದ ಜೊತೆ ಬೇಳೆ, ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ, ಕಡಿಮೆಯಾಗದಿರಲಿ. ಮತ್ತು ವೈದ್ಯರ ಒಪ್ಪಿಗೆ ಪಡೆದು, ಗಟ್ಟಿಯಾದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ದಿನಕ್ಕೆ ಎರಡು ಹೊತ್ತು, ಆದಷ್ಟು ಸಲ ಮಾಡಿಸಿ. ಮೊದಲ ದಿನ ಎರಡೇ ಸಲ ಆದರೂ ಸಾಕು, ನೀವು ಪಕ್ಕದಲ್ಲಿ ನಿಂತಿರಿ.